ಹಾಸು ತೆಗೆದಿಡದ ನೇಕಾರ

"ಮೇಷ್ಟ್ರೇ, ಇವತ್ತಾದರೂ ಹೇಳಿಬಿಡಿ. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಬೇಕಾದರೆ ನನ್ನಂಥ ಹೊಸಬಳಿಗೆ ಎಷ್ಟು ಗೊತ್ತಿರಬೇಕು?"

ಕೇಳಿದವಳು ಭಾಗೀರಥಿ. ಅಣ್ಣ ತೀರಿಕೊಂಡ ಮೇಲೆ ಅವನ ಲ್ಯಾಪ್‌ಟಾಪ್ ಅವಳ ಪಾಲಿಗೆ ಬಂದಿತ್ತು. ಅದು ಆನ್ ಆಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರಬಹುದಿತ್ತು. ಮೂರು ತಿಂಗಳಿಂದ ಗ್ರಂಥಾಲಯದ ಕಂಪ್ಯೂಟರ್ ತರಗತಿಗೆ ಬರುತ್ತಿದ್ದಳು. ಎರಡು ನೋಟ್‌ಬುಕ್ ತುಂಬಿದ್ದವು, ಧೈರ್ಯ ಮಾತ್ರ ಬಂದಿರಲಿಲ್ಲ. ಹೊಸ ಸಿಸ್ಟಂ ತುಂಬಿದ ಪೆನ್‌ಡ್ರೈವ್ ಅಂದು ಅವಳ ಕೈಯಲ್ಲೇ ಇತ್ತು.

ಮೇಷ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಕತೆ ಬರುತ್ತದೆ ಎಂದೇ ಅರ್ಥ.

ಒಬ್ಬ ನೇಕಾರನಿದ್ದ. ಅವನ ತಾಯಿ ಸೀರೆಯ ಸೆರಗಿಗೆ ಬೇಕಾದ ನಕ್ಷೆಗಳನ್ನು ಜೀವಮಾನವೆಲ್ಲ ಕೈಯಲ್ಲೇ ಬರೆದಿಟ್ಟಿದ್ದಳು. ತಾಯಿ ಹೋದಳು, ಕಾಗದಗಳಿಗೆ ಗೆದ್ದಲು ಹತ್ತಿತು. ಉಳಿದದ್ದು ಮಗ ಮುಂಚೆಯೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಪ್ರತಿಗಳು ಮಾತ್ರ. ಆ ಕಂಪ್ಯೂಟರೂ ಹಳೆಯದಾಗಿ ಕುಂಟತೊಡಗಿತು. ಹೊಸ ಸಿಸ್ಟಂ ಹಾಕಬೇಕು, ಆದರೆ ಕಲಿಯದೆ ಕೈ ಹಾಕಬಾರದು ಎಂದು ಅವನು ಒಂದು ವರ್ಷ ಕಲಿತ. ಡಿಸ್ಕನ್ನು ಭಾಗ ಮಾಡುವುದು ಕಲಿತ, ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯುವುದು ಕಲಿತ. ಗೆಳೆಯನ ಅಂಗಡಿಯಲ್ಲಿದ್ದ ಖಾಲಿ ಕಂಪ್ಯೂಟರಿಗೆ ಐವತ್ತು ಸಲ ಸಿಸ್ಟಂ ಹಾಕಿ ಕೈ ಪಳಗಿಸಿಕೊಂಡ.

ಒಳ್ಳೆಯ ದಿನ ನೋಡಿ, ಸ್ನಾನ ಮಾಡಿ, ತನ್ನ ಕಂಪ್ಯೂಟರಿನ ಮುಂದೆ ಕೂತ. ಹೆಂಡತಿ ಮಗ್ಗದಲ್ಲಿ ಕೂತಲ್ಲಿಂದಲೇ ಕೇಳಿದಳು:

"ರೀ, ಹಳೆ ಮಗ್ಗ ಬಿಚ್ಚೋವಾಗ ಮೊದಲು ಉದ್ದಕ್ಕೆ ಎಳೆದ ಹಾಸಿನ ನೂಲು ಸುತ್ತಿ ತೆಗೆದಿಡ್ತೀವಲ್ಲ. ಇದಕ್ಕೆ ಅಂಥದ್ದೇನೂ ಇಲ್ವಾ?"

ನೇಕಾರ ನಕ್ಕ. "ಇದೇನು ಮಗ್ಗಾನಾ? ನೀನು ನಿನ್ನ ಲಾಳಿ ನೋಡ್ಕೋ, ಸಾಕು."

ಪರದೆ ಕೇಳಿತು: ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೆ? ಐವತ್ತು ಸಲ ಹೌದು ಎಂದಿದ್ದ ಬೆರಳು ಐವತ್ತೊಂದನೆಯ ಸಲವೂ ಹೌದು ಎಂದಿತು.

ಎಲ್ಲಿಯೂ ತಪ್ಪಾಗಲಿಲ್ಲ. ಅರ್ಧ ಗಂಟೆಯಲ್ಲಿ ಹೊಸ ಸಿಸ್ಟಂ ಕಣ್ಣು ಬಿಟ್ಟಿತು. ನೇಕಾರ ಹಿಗ್ಗಿ ಹೆಂಡತಿಯನ್ನು ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

"ಚೆನ್ನಾಗಿದೆ. ಅತ್ತೆ ಬರೆದ ನವಿಲಿನ ಸೆರಗು ತೆಗೀರಿ, ನಾಳೆ ಅದನ್ನೇ ಶುರು ಮಾಡೋಣ."

ನವಿಲು ಇರಲಿಲ್ಲ. ಯಾವುದೂ ಇರಲಿಲ್ಲ. ವರ್ಷವೆಲ್ಲ ಕಲಿತ ವಿದ್ಯೆಯನ್ನು ಅವನು ಮೂರು ದಿನ ಪ್ರಯೋಗಿಸಿದ. ತಾಯಿ ಎಳೆದ ಒಂದು ಗೆರೆಯೂ ಮರಳಿ ಬರಲಿಲ್ಲ.

ಇಷ್ಟು ಹೇಳಿ ಮೇಷ್ಟರು ನಿಲ್ಲಿಸಿದರು. ಭಾಗೀರಥಿಗೆ ನೇಕಾರನ ಮೇಲೆ ಸಿಟ್ಟೂ ಬಂತು, ಮರುಕವೂ ಹುಟ್ಟಿತು.

"ಅಷ್ಟೆಲ್ಲ ಕಲಿತಿದ್ದನಲ್ಲ ಮೇಷ್ಟ್ರೇ! ಇನ್ನೇನು ಗೊತ್ತಿರಬೇಕಿತ್ತು ಅವನಿಗೆ?"

ಮೇಷ್ಟರು ಕನ್ನಡಕ ಹಾಕಿಕೊಂಡು ಅವಳ ಕೈಯಲ್ಲಿದ್ದ ಪೆನ್‌ಡ್ರೈವನ್ನು ನೋಡಿದರು.

"ನಿಮ್ಮಣ್ಣ ಆ ಲ್ಯಾಪ್‌ಟಾಪಿನಲ್ಲಿ ಏನೇನು ಇಟ್ಟು ಹೋಗಿದ್ದಾನೆ, ತಾಯಿ?"

ಭಾಗೀರಥಿ ಪೆನ್‌ಡ್ರೈವನ್ನು ಚೀಲಕ್ಕೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಏನೇನಿದೆಯೆಂದು ಮೊದಲು ನೋಡಲು ಮನೆಗೆ ಹೊರಟಳು.