ಓತಿ ಕೊಟ್ಟ ಕೆಂಡ

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಬೆಟ್ಟಗಳು ಸರಿಯಾಗಿ ಒಣಗಿರಲಿಲ್ಲ. ನದಿಗಳಿಗೆ ದಾರಿ ಗೊತ್ತಿರಲಿಲ್ಲ, ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿದ್ದವು. ನಗಬೇಡ ಭಾಗಿ, ಮೊದಲ ದಿನ ನೀನೂ ಶಾಲೆಗೆ ಹಾಗೇ ಹೋದದ್ದು.

ಆಗ ಸೂರ್ಯ ಪ್ರತಿ ಜೀವಿಯ ಎದೆಯೊಳಗೆ ಒಂದೊಂದು ಕೆಂಡ ಇಟ್ಟಿದ್ದ. ಹಸುವಿಗೆ ದೊಡ್ಡದು, ಇಲಿಗೆ ಸಣ್ಣದು. ಓತಿಗೂ ಒಂದಿತ್ತು. ಹೌದು, ನಮ್ಮ ಬೇಲಿಯ ಮೇಲೆ ಓಡಾಡುವ ಅದೇ ಓತಿಗೆ.

ಓತಿ ಒಂದು ಜಾಲಿಮರದಲ್ಲಿ ಒಂಟಿಯಾಗಿತ್ತು. ಅದರ ಮುಖ ನೋಡಿ ಯಾರೂ ಹತ್ತಿರ ಬರುತ್ತಿರಲಿಲ್ಲ. ಮುಖ ಒರಟಾಗಿದ್ದರೆ ಅದೇನು ಮಾಡಬೇಕು, ಪಾಪ. ಮಾತಾಡಲು ಇದ್ದದ್ದು ಒಂದೇ ಜೀವ, ಮೇಲಿನ ಕೊಂಬೆಯ ರಾಟವಾಳ. ಜೋಳದ ತೆನೆಗೆ ಜೋತುಬೀಳುತ್ತದಲ್ಲ, ದಪ್ಪ ಕೊಕ್ಕಿನ ಪುಟ್ಟ ಹಕ್ಕಿ, ಅದು.

ಮಳೆಗಾಲದ ಕೊನೆಗೆ ರಾಟವಾಳ ನಾಲ್ಕು ಮೊಟ್ಟೆ ಇಟ್ಟಿತು. ಅವತ್ತೇ ಜಡಿಮಳೆ. ನೆನೆದು ನೆನೆದು ಹಕ್ಕಿಯ ಎದೆಯ ಕೆಂಡ ಚುಂಯ್ ಎಂದು ಆರಿಹೋಯಿತು.

"ಓತಕ್ಕಾ, ಒಂಚೂರು ಕೆಂಡ ಕೊಡಕ್ಕ. ಮೊಟ್ಟೆಗಳು ತಣ್ಣಗಾಗ್ತಿವೆ" ಎಂದು ಅತ್ತಿತು.

ಕೆಂಡ ಕೇಳುವುದೇನು ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಒಲೆ ಹಚ್ಚಲು ಪಕ್ಕದ ಮನೆಯಿಂದ ಬೆರಣಿ ಚೂರಿನ ಮೇಲೆ ಕೆಂಡ ತರುತ್ತಿದ್ದೆವು. ಕೊಡುವವರು ಒಂದು ಚೂರು ಕೊಟ್ಟು, ಉಳಿದದ್ದಕ್ಕೆ ಬೂದಿ ಮುಚ್ಚಿ ಕಾಪಾಡಿಕೊಳ್ಳುತ್ತಿದ್ದರು. ಓತಿಗೆ ಅದನ್ನು ಹೇಳಿಕೊಡುವವರು ಯಾರಿದ್ದರು? ಚೂರು ಕೊಟ್ಟರೆ ನಾಲ್ಕು ಮೊಟ್ಟೆಗೆ ಸಾಲದು ಅಂದುಕೊಂಡು ಇಡೀ ಕೆಂಡವನ್ನೇ ತೆಗೆದು ಕೊಟ್ಟುಬಿಟ್ಟಿತು.

"ನಿನಗೆ?" ಎಂದಿತು ಹಕ್ಕಿ.

"ನನಗೇನು, ಬೆಳಗಾದರೆ ಬಿಸಿಲು ಬರುತ್ತೆ. ಮರಿಗಳು ಹಾರುವಾಗ ನನ್ನನ್ನ ಕರಿ, ಅಷ್ಟು ಸಾಕು."

ಮರುದಿನ ಬಿಸಿಲು ಬಂತು. ಓತಿಗೆ ಏನೂ ಕಡಿಮೆ ಅನ್ನಿಸಲಿಲ್ಲ. ದಿನಾ ಬಿಸಿಲು ಕಾಯಿಸಿಕೊಂಡು, ಗೂಡಿನ ಕಡೆ ನೋಡಿಕೊಂಡು ಇತ್ತು. ಮೊಟ್ಟೆ ಒಡೆದು ನಾಲ್ಕು ಮರಿ ಬಂದವು. ಅವು ಓತಿಯ ಮುಖ ನೋಡಿ ಹೆದರಲಿಲ್ಲ. ಸಂತೋಷಕ್ಕೆ ಓತಿಯ ಕತ್ತು ಕೆಂಪಗಾಯಿತು.

ಆಮೇಲೆ ಚಳಿ ಬಂತು. ಅದು ಲೋಕದ ಮೊದಲ ಚಳಿ, ಯಾರಿಗೂ ಅದರ ಪರಿಚಯವಿರಲಿಲ್ಲ. ಸೂರ್ಯ ತಡವಾಗಿ ಬರುವುದು, ಬೇಗ ಹೋಗುವುದು. ಓತಿಯ ಕಾಲು ಮರಗಟ್ಟಿತು. ನೊಣ ಮೂಗಿನ ಮೇಲೇ ಕೂತರೂ ನಾಲಿಗೆ ಚಾಚಲು ಆಗಲಿಲ್ಲ.

ಮೆಲ್ಲಗೆ ಗೂಡಿಗೆ ಹತ್ತಿ ಕೇಳಿತು. "ತಂಗೀ, ನನ್ನ ಕೆಂಡ ವಾಪಸ್ ಕೊಡ್ತೀಯಾ? ತಡೆಯೋಕಾಗ್ತಿಲ್ಲ."

ಹಕ್ಕಿ ತಲೆ ತಗ್ಗಿಸಿತು. "ಅದನ್ನ ಮುರಿದು ಮರಿಗೊಂದು ಚೂರು, ನನಗೊಂದು ಚೂರು ಇಟ್ಟಿದ್ದೀನಕ್ಕ. ನಿನ್ನದು, ಬೇಡ ಅನ್ನೋಕೆ ನಾನ್ಯಾರು. ಯಾರ ಎದೆಯಿಂದ ತಗೊಳ್ತೀಯೋ ತಗೋ."

ಓತಿ ಮರಿಗಳನ್ನು ನೋಡಿತು. ಈಗಷ್ಟೇ ಪುಕ್ಕ ಮೂಡುತ್ತಿತ್ತು.

"ಸುಮ್ಮನೆ ಕೇಳಿದೆ ಬಿಡು" ಎಂದು ಇಳಿದು ಬಂತು.

ಗಾಳಿಯನ್ನು ಕೇಳಿತು. "ನನ್ನ ಹತ್ತಿರ ಇರೋದೇ ಚಳಿ, ಬೇಕಾ?" ಎಂದಿತು ಗಾಳಿ. ಅದಕ್ಕೆ ಯಾವಾಗಲೂ ಹುಡುಗಾಟ. ಹೊಳೆಯನ್ನು ಕೇಳಿತು. "ನಾನೇ ನಡುಗ್ತಿದ್ದೀನಿ" ಎಂದಿತು ಹೊಳೆ. ಕೊನೆಗೆ ಭೂಮಿಯನ್ನು ಕೇಳಿತು.

"ನನ್ನಲ್ಲಿ ಕೆಂಡ ಇಲ್ಲ ಮಗಳೇ" ಎಂದಳು ಭೂಮಿ. "ಬೇಸಿಗೆಯಲ್ಲಿ ಕುಡಿದ ಬಿಸಿಲು ಹೊಟ್ಟೆಯೊಳಗೆ ಒಂದಿಷ್ಟಿದೆ. ಅದರಲ್ಲಿ ಓಡಾಡೋಕಾಗಲ್ಲ. ಉಣ್ಣದೆ, ಮಾತಾಡದೆ, ಹತ್ತು ಉಸಿರಿನ ಕಡೆ ಒಂದೇ ಉಸಿರು ಆಡಿಕೊಂಡು ಮಲಗಿದರೆ ಜೀವ ಉಳಿಯುತ್ತೆ."

"ಇನ್ನು ನಾಲ್ಕು ದಿನಕ್ಕೆ ಮರಿಗಳು ಹಾರ್ತವೆ ಅವ್ವಾ. ನೋಡಿ ಬರ್ತೀನಿ."

"ನಾಲ್ಕು ದಿನ ಹೊರಗಿದ್ದರೆ ನೀನು ಬರಲ್ಲ."

ಓತಿ ಕೇಳಲಿಲ್ಲ. ಜಾಲಿಮರದ ಬುಡದವರೆಗೆ ಹೋಯಿತು. ಹತ್ತಲು ಕಾಲು ಬರಲಿಲ್ಲ. ಕೆಳಗೇ ಕೂತು ಮರಿಗಳ ಸದ್ದು ಕೇಳಿಸಿಕೊಂಡಿತು. ಎರಡನೆಯ ಬೆಳಗಿಗೆ ಕಣ್ಣು ಮುಚ್ಚಲೂ ಆಗದಷ್ಟು ಸೆಟೆದುಕೊಂಡಿತ್ತು. ಅದನ್ನು ನೋಡಿ ಗಾಳಿಗೆ ಹುಡುಗಾಟ ಬಿಟ್ಟುಹೋಯಿತು. ತಾನೇ ಓತಿಯನ್ನು ಮೆಲ್ಲಗೆ ಉರುಳಿಸಿಕೊಂಡು ಹೋಗಿ ಒಂದು ಬಿಲದೊಳಗೆ ತಳ್ಳಿ, ಬಾಯಿಗೆ ತರಗೆಲೆ ಮುಚ್ಚಿತು.

ಒಳಗೆ ಪಕ್ಕದಲ್ಲೇ ಹಾವು ಮಲಗಿತ್ತು. ಆಚೆ ಉಡ, ಅದರಾಚೆ ಆಮೆ. ಅವು ತಮ್ಮ ಕೆಂಡ ಯಾರಿಗೆ ಕೊಟ್ಟಿದ್ದವೋ ನನಗೆ ಗೊತ್ತಿಲ್ಲ, ಕೇಳಬೇಡ. ಯಾರೂ ಯಾರನ್ನೂ ಮಾತಾಡಿಸಲಿಲ್ಲ. ಅಷ್ಟು ಜನ ಒಟ್ಟಿಗಿದ್ದೂ ಓತಿ ಒಂಟಿಯೇ.

ನಾಲ್ಕನೆಯ ದಿನ ಮರಿಗಳು ಹಾರಿದವು. ರಾಟವಾಳ ಮಾತಿಗೆ ತಪ್ಪಲಿಲ್ಲ. "ಓತಕ್ಕಾ, ಬಾರಕ್ಕಾ" ಎಂದು ಮರದ ಸುತ್ತ ಕೂಗಿತು. ಕೂಗಿ ಕೂಗಿ ಗಂಟಲು ಒಣಗಿತು. ಬಿಲದೊಳಗೆ ಏನೂ ಕೇಳಿಸಲಿಲ್ಲ.

ಹೊಂಗೆ ಚಿಗುರುವ ಹೊತ್ತಿಗೆ ನೆಲ ಬೆಚ್ಚಗಾಯಿತು. ಓತಿ ಕಣ್ಣು ಬಿಟ್ಟು, ಎದ್ದು, ಓಡಿ ಮರ ಹತ್ತಿತು. ಗೂಡು ಬರಿದಾಗಿತ್ತು. ಹೊಲದ ಮೇಲೆ ನೂರಾರು ರಾಟವಾಳಗಳು ಹಾರುತ್ತಿದ್ದವು, ಎಲ್ಲವೂ ನೋಡಲು ಒಂದೇ ಥರ. ಅವುಗಳಲ್ಲಿ ತಾಯಿ, ಮರಿ ಸೇರಿ ಐದರ ಎದೆಯೊಳಗೆ ಓತಿಯ ಕೆಂಡವಿತ್ತು. ಯಾವ ಐದು ಎಂದು ಹೇಳುವವರು ಯಾರೂ ಇರಲಿಲ್ಲ.

ಅದಕ್ಕೇ ಭಾಗಿ, ಚಳಿಗಾಲ ಬಂದರೆ ಬೇಲಿಯ ಮೇಲೆ ಒಂದು ಓತಿಯೂ ಕಾಣುವುದಿಲ್ಲ. ಬಿಸಿಲು ಬಲಿತ ಮೇಲೆ ಹೊರಗೆ ಬಂದು, ಕಲ್ಲಿನ ಮೇಲೆ ಒಂಟಿಯಾಗಿ ಕೂತು, ಹಾರಿಹೋಗುವ ಒಂದೊಂದು ಹಕ್ಕಿಗೂ ತಲೆ ಆಡಿಸಿ ಆಡಿಸಿ ಕೇಳುತ್ತದೆ: "ನೀನಾ? ನೀನಾ?"