ಗಟ್ಟಿಮೇಳದ ವೇಳೆಗೆ ಬಂದ ಜಪ್ತಿ

ದಿವಾಳಿ ಅರ್ಜಿ ಹಾಕಿದ್ದ ವಾಲಗದ ಚನ್ನಿಗಪ್ಪನಿಗೆ ಉಳಿದಿದ್ದುದು ನಾಗಸ್ವರವೊಂದೇ. ಅದು ಹೋದರೆ ಅನ್ನವೂ ಹೋದಂತೆ. ಅವನ ಸಾಲದ ವಸೂಲಿಗೆ ಡಿಕ್ರಿ ಪಡೆದಿದ್ದ ಸಾಹುಕಾರ ಭುಜಂಗಯ್ಯ, ಚನ್ನಿಗಪ್ಪ ಊದಲು ಬಂದಿದ್ದ ತನ್ನ ತಮ್ಮನ ಮಗಳ ಮದುವೆಗೇ ಆ ವಾದ್ಯವನ್ನು ಜಪ್ತಿ ಮಾಡಿಸಲು ಕೋರ್ಟಿನ ಅಮೀನರನ್ನು ಕರೆತಂದ.

"ಕಸುಬಿನ ಸಾಧನವನ್ನು ಜಪ್ತಿ ಮಾಡುವಂತಿಲ್ಲವಲ್ಲ," ಎಂದರು ಅಮೀನರು.

"ಇವನಿಗೆಲ್ಲಿಯ ಕಸುಬು? ಅದು ಬೆಳ್ಳಿ ಕಟ್ಟಿದ ಅಲಂಕಾರದ ವಸ್ತು," ಎಂದ ಭುಜಂಗಯ್ಯ.

ಚನ್ನಿಗಪ್ಪ ನಾಗಸ್ವರವನ್ನು ಕೆಳಗಿಟ್ಟು ಕೈಕಟ್ಟಿ ಕುಳಿತ.

ವರ ತಾಳಿಯನ್ನೆತ್ತಿದ. ಪುರೋಹಿತರು "ಗಟ್ಟಿಮೇಳ" ಎಂದರು. ವಾಲಗ ಮೊಳಗಲಿಲ್ಲ. ವಧುವಿನ ತಾಯಿ ಭುಜಂಗಯ್ಯನನ್ನೇ ದಿಟ್ಟಿಸಿದಳು.

"ಊದಯ್ಯ, ಮುಹೂರ್ತ ಮೀರುತ್ತದೆ," ಎಂದ ಅವನು.

"ಅಲಂಕಾರದ ವಸ್ತುವನ್ನು ಊದುತ್ತಾರೆಯೇ, ಬುದ್ಧಿ?"

"ಅದು ನಿನ್ನ ಕಸುಬಿನ ವಾದ್ಯವೇ. ಊದು, ಮಾರಾಯ."

ಚನ್ನಿಗಪ್ಪ ಅಮೀನರತ್ತ ತಿರುಗಿದ. "ಕೇಳಿಸಿತೇ, ಸ್ವಾಮಿ?"

"ಮಂಟಪಕ್ಕೆಲ್ಲ ಕೇಳಿಸಿತು," ಎಂದು ಅಮೀನರು ಜಪ್ತಿಯ ಕಾಗದವನ್ನು ಮಡಿಚಿದರು.

ಆಮೇಲೆ ಗಟ್ಟಿಮೇಳ ಮೊಳಗಿತು.