ಹೊಗೆ ಕಾಯ್ದ ಹೊಲ

"ಅಜ್ಜಾರೇ, ನನ್ನ ಉಪವಾಸದ ಪುಣ್ಯವನ್ನು ಇನ್ನೊಬ್ಬರಿಗೆ ಕೊಟ್ಟರೆ ನನಗೇನು ನಷ್ಟ?" ಎಂದು ಶಿಷ್ಯ ಮಠದ ಗುರುಗಳನ್ನು ಕೇಳಿದ.

ಕೇಳಲು ಕಾರಣವಿತ್ತು. ಮಠಕ್ಕೆ ನಡೆದುಕೊಳ್ಳುವ ಶ್ರೀಮಂತನೊಬ್ಬ ಹಿಂದಿನ ದಿನ ಬಂದಿದ್ದ. ತನಗೆ ಊಟ ಬಿಡಲಾಗದು, ಪುಣ್ಯವೂ ಬೇಕು ಎಂದಿದ್ದ. ಶಿಷ್ಯ ಹೇಗೂ ಸೋಮವಾರ ಉಪವಾಸ ಇರುತ್ತಾನೆ. ಆ ಪುಣ್ಯವನ್ನು ತನ್ನ ಹೆಸರಿಗೆ ಬಿಟ್ಟುಕೊಟ್ಟರೆ ವರ್ಷವಿಡೀ ಮಠದ ದಾಸೋಹಕ್ಕೆ ಜೋಳ ಕಳಿಸುವೆನೆಂದು ಹೇಳಿ ಹೋಗಿದ್ದ.

"ಅವನು ಉಣ್ಣುತ್ತಾನೆ, ನಾನು ಉಪವಾಸ ಇರುತ್ತೇನೆ. ಅಲ್ಲಿಗೆ ಸರಿಗೆ ಸರಿಯಾಯಿತಲ್ಲ" ಎಂದ ಶಿಷ್ಯ.

ಗುರುಗಳು ಈ ಕತೆ ಹೇಳಿದರು.

ಕಪ್ಪು ಮಣ್ಣಿನ ಎರೆ ಸೀಮೆಯಲ್ಲಿ ಒಬ್ಬ ರೈತನಿದ್ದ. ಒಳ್ಳೆಯ ಹೊಲ. ಉಣ್ಣಲು ಉಡಲು ಕೊರತೆಯಿರಲಿಲ್ಲ. ಹೊಲದ ಮೂಲೆಯಲ್ಲಿ ಒಂದು ಬನ್ನಿ ಮರ, ಅದರ ಕೆಳಗೆ ಅವನ ಅಪ್ಪನ ಸಮಾಧಿ. ಆ ಕಡೆಯ ಜನ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಕೊಡುತ್ತಾರೆ. ಸಮಾಧಿಯ ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟಿದ್ದರು. ಅದು ಅವನ ತಾಯಿಯದು. ಮುದುಕಿ ಹೊಲಕ್ಕೆ ಬುತ್ತಿ ತಂದಾಗಲೆಲ್ಲ ಅಲ್ಲೇ ಕೂತು ಎಲೆಅಡಿಕೆ ಹಾಕುತ್ತಿದ್ದಳು. ಯಾರಾದರೂ ಕೇಳಿದರೆ, "ರೂಢಿ ಮಾಡ್ಕೊಳ್ಳಾಕತ್ತೀನಿ" ಎನ್ನುತ್ತಿದ್ದಳು.

ಒಂದು ದಿನ ಒಬ್ಬ ವ್ಯಾಪಾರಿ ಬಂದ. ಅವನಿಗೆ ಜೋಳ ಬೇಡ, ಹತ್ತಿ ಬೇಡ, ಹೊಲವೂ ಬೇಡ. ಟೊಳ್ಳು ಕೊಳವೆಯೊಂದನ್ನು ನೆಲಕ್ಕೆ ಇಳಿಸಿ ಮಣ್ಣು ತೆಗೆದು ನೋಡಿದ. "ನಿಮ್ಮ ಮಣ್ಣು ಹೊಗೆ ನುಂಗುತ್ತದೆ" ಎಂದು ವಿವರಿಸತೊಡಗಿದ. ದೂರದ ಪಟ್ಟಣದಲ್ಲಿ ಕಬ್ಬಿಣ ಕರಗಿಸುವ ಸಾಹುಕಾರನೊಬ್ಬನಿದ್ದಾನೆ. ಅವನ ಚಿಮಣಿಯ ಹೊಗೆ ಗಾಳಿಗೆ ಸೇರುತ್ತದೆ. ಅದರೊಳಗಿನ ಇಂಗಾಲವನ್ನು ಬೆಳೆ ಎಳೆದುಕೊಳ್ಳುತ್ತದೆ, ಬೇರು ಅದನ್ನು ಮಣ್ಣಿಗೆ ಇಳಿಸುತ್ತದೆ. ನೇಗಿಲು ಹೂಡಿದರೆ, ಅಗೆದರೆ, ಕೊಯ್ದ ಮೇಲೆ ಉಳಿದ ಕೂಳೆ ಸುಟ್ಟರೆ ಅದು ಮತ್ತೆ ಗಾಳಿಗೆ ಹೋಗುತ್ತದೆ. ನೇಗಿಲು ಹೂಡದೆ, ಕೂಳೆಯ ನಡುವೆಯೇ ಬಿತ್ತಿದರೆ ಅಲ್ಲೇ ಉಳಿಯುತ್ತದೆ. ಹಾಗೆ ಉಳಿಸಿಕೊಟ್ಟ ರೈತನಿಗೆ ಸಾಹುಕಾರ ಹಣ ಕೊಡುತ್ತಾನೆ. ಆಗ ಸಾಹುಕಾರ ಬಿಟ್ಟ ಹೊಗೆ, ಬಿಡಲೇ ಇಲ್ಲ ಎಂಬ ಲೆಕ್ಕಕ್ಕೆ ಹೋಗುತ್ತದೆ.

"ಹೊಲ ನಂದ ಇರತೈತೇನ್ರಿ?" ಎಂದು ರೈತ ಕೇಳಿದ.

"ಹೊಲ ನಿಮ್ಮದು, ಬೆಳೆ ನಿಮ್ಮದು. ನಿಮ್ಮ ಮಗ ಮೀಸೆ ತಿರುವುವವರೆಗೆ ಮಣ್ಣು ಮಾತ್ರ ಹೊರಳಿಸಬಾರದು. ಹೊರಳಿಸಿದರೆ ಅಷ್ಟೂ ವರ್ಷದ ಹೊಗೆ ನಿಮ್ಮ ತಲೆಗೇ ಬರುತ್ತದೆ. ಮೇಲಿನಿಂದ ಉಪಗ್ರಹ ನೋಡುತ್ತಿರುತ್ತದೆ" ಎಂದ ವ್ಯಾಪಾರಿ.

ಸಹಿ ಹಾಕುವ ಹೊತ್ತಿಗೆ ತಾಯಿ ಮಗನನ್ನು ಒಳಗೆ ಕರೆದಳು. "ನನ್ನ ಜಾಗದ ಮಾತು ಕೇಳಿದ್ಯೇನೋ?" ಎಂದಳು. ರೈತ ಕೇಳಿರಲಿಲ್ಲ. ಹೊಸ ವ್ಯವಹಾರಕ್ಕೆಂದು ಮನೆಗೆ ಬಂದ ವ್ಯಾಪಾರಿ ಎಲೆಅಡಿಕೆ ಹಿಡಿದು ಕೂತಿದ್ದಾನೆ. ಅವನ ಮುಂದೆ ಹೆತ್ತವಳನ್ನು ಹೂಳುವ ಕುಣಿಯ ಮಾತೆತ್ತಿದರೆ ಅವಳ ಆಯುಷ್ಯವೇ ಕಡಿಮೆಯಾದೀತು ಎಂದು ಅವನಿಗೆ ಅನಿಸಿತು. "ಬಿಡ್ತು ಅನ್ನವ್ವಾ" ಎಂದು ತಾಯಿಯನ್ನೇ ಗದರಿಸಿ ಹೊರಗೆ ಬಂದು ಸಹಿ ಹಾಕಿದ.

ಮೊದಲು ಎಲ್ಲ ಒಳ್ಳೆಯದೇ ಆಯಿತು. ಕೂಳೆಯ ಕೆಳಗೆ ತೇವ ನಿಂತಿತು, ಎರೆಹುಳು ಬಂದವು, ಹಣವೂ ಬಂತು. ಸುಳ್ಳು ಹೇಳಬಾರದು, ಮಣ್ಣಿಗೆ ಅದರಿಂದ ಸುಖವೇ ಆಯಿತು.

ಸುಖ ಹೋದದ್ದು ರೈತನಿಗೆ. ವ್ಯಾಪಾರಿ ಮತ್ತೊಮ್ಮೆ ಬಂದಾಗ, ಸಾಹುಕಾರ ನಿಮ್ಮ ಹೊಲದ ಭರವಸೆಯ ಮೇಲೆ ಇನ್ನೊಂದು ಚಿಮಣಿ ಎಬ್ಬಿಸಿದ್ದಾನೆ ಎಂದು ಸಂತೋಷದಿಂದ ಹೇಳಿದ. ಕಂಡರಿಯದ ಊರಿನ ಹೊಗೆಯೆಲ್ಲ ತನ್ನ ಹೊಲದೊಳಗೆ ಕೂತಿದೆ, ಒಂದು ಗೆರೆ ಎಳೆದರೆ ಸಾಕು, ಎದ್ದು ಬರುತ್ತದೆ ಎಂದು ರೈತನಿಗೆ ಭಯವಾಯಿತು. ಅಂದಿನಿಂದ ಅವನು ಹೊಲಕ್ಕೆ ಹೋಗುವುದು ದುಡಿಯಲು ಅಲ್ಲ, ಕಾಯಲು. ಹೆಗ್ಗಣ ಬಿಲ ತೋಡಿದರೆ ಹೆದರಿದ. ಹಂದಿ ಕೆದರಿದ ಜಾಗಕ್ಕೆ ಕೂಳೆ ಹೊದಿಸಿ ಆಕಾಶ ನೋಡಿದ. ಬೀಡಿ ಸೇದುವವರನ್ನು ಬದುವಿನ ಹತ್ತಿರ ಬರಗೊಡಲಿಲ್ಲ. ಹೆದರುವವನ ಮೇಲೆ ಕಪ್ಪೆ ಎಸೆದ ಹಾಗೆ, ವಿಮಾನ ಹಾದುಹೋದರೆ ಪಕ್ಕದ ಹೊಲದವನು, "ನಿನ್ನ ಹೊಲಾ ನೋಡಾಕ ಬಂತು ನೋಡಪಾ" ಎಂದು ಕೂಗುತ್ತಿದ್ದ. ತಮಾಷೆಯೆಂದು ಗೊತ್ತಿದ್ದರೂ ರೈತ ಓಡಿಹೋಗಿ ಹೊಲವನ್ನೊಮ್ಮೆ ಸುತ್ತಿ ಬರುತ್ತಿದ್ದ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎತ್ತು ಮಾಡಿ ಪೂಜಿಸಲು ಓಣಿಯ ಮಕ್ಕಳು ಎಂದಿನಂತೆ ಅವನ ಹೊಲದ ಎರೆಮಣ್ಣಿಗೆ ಬಂದರು. ಆ ದಿನ ಮಣ್ಣು ಕೇಳಿದವರಿಗೆ ಇಲ್ಲ ಎನ್ನುವ ವಾಡಿಕೆ ಆ ಸೀಮೆಯಲ್ಲೇ ಇಲ್ಲ. ರೈತ ಕೋಲು ಹಿಡಿದು ಅಟ್ಟಿದ. ಆ ವರ್ಷ ಅವನ ಮನೆಯ ದೇವರ ಮುಂದೆಯೂ ಮಣ್ಣೆತ್ತು ಕೂರಲಿಲ್ಲ. ತಾಯಿ ಅಂದಿನಿಂದ ಬನ್ನಿ ಮರದ ಕೆಳಗೆ ಹೋಗಿ ಕೂರುವುದನ್ನು ಬಿಟ್ಟಳು.

"ಯಾಕಬೇ?" ಎಂದು ಮಗ ಕೇಳಿದ.

"ನಾ ಅಲ್ಲಿ ಕುಂತರ ನೀ ಅಂಜತಿ. ನಿನ್ನ ಮಾರಿ ನೋಡಾಕ ಆಗೂದಿಲ್ಲ ನನಗ" ಎಂದಳು ತಾಯಿ.

ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವಳು ತೀರಿಕೊಂಡಳು. ಊರವರು ಅವಳನ್ನು ಕೂರಿಸಿ ಭಜನೆ ಶುರುಮಾಡಿದರು. ನಾಲ್ಕು ಜನ ಗುದ್ದಲಿ ಹಿಡಿದು ಬನ್ನಿ ಮರದತ್ತ ಹೊರಟರು. ರೈತ ಓಡಿಹೋಗಿ ಬದುವಿನ ಮೇಲೆ ಅಡ್ಡ ನಿಂತ.

"ತಡೀರಿ, ಕೇಳತೀನಿ" ಎಂದ.

"ಯಾರನ್ನ ಕೇಳಾಂವಾ? ಒಳಗ ಕುಂತ ನಿಮ್ಮಪ್ಪನ್ನೇನು?" ಎಂದು ಊರ ಹಿರಿಯನೊಬ್ಬ ಕೇಳಿದ.

ರೈತ ವ್ಯಾಪಾರಿಗೆ ಫೋನು ಮಾಡಿದ. ವ್ಯಾಪಾರಿ ಕೆಟ್ಟವನಲ್ಲ, ಸುದ್ದಿ ಕೇಳಿ ಮರುಗಿದ. ಆದರೆ ತಾನೊಬ್ಬನೇ ಹೇಳಲಾಗದು, ಹಣ ಕೊಟ್ಟ ಸಾಹುಕಾರನ ಕಡೆಯವರನ್ನು ಕೇಳಿ ತಿಳಿಸುವೆನೆಂದ. ಬಿಸಿಲು ಏರಿತು, ಇಳಿಯಿತು. ಭಜನೆಯವರ ಗಂಟಲು ಆರಿತು. ರೈತ ಫೋನು ಹಿಡಿದುಕೊಂಡು ಒಮ್ಮೆ ತಾಯಿಯ ಮುಖ, ಒಮ್ಮೆ ಆಕಾಶ ನೋಡುತ್ತಿದ್ದ. ಗುದ್ದಲಿಯ ಮೊದಲ ಏಟಿಗೇ ನೆಲ ಬಾಯಿಬಿಡುತ್ತದೆ, ಹೊಗೆ ಎದ್ದು ತನ್ನನ್ನು ಬಿಟ್ಟು ತನ್ನ ಮಗನನ್ನು ಸುತ್ತಿಕೊಳ್ಳುತ್ತದೆ ಎಂಬುದು ಅವನ ಕಣ್ಣಿಗೆ ಕಟ್ಟಿತ್ತು. ಹೊತ್ತು ಮುಳುಗುವ ಮುಂಚೆ ಮಣ್ಣು ಕೊಡಬೇಕು. ಉತ್ತರ ಬರಲಿಲ್ಲ. ಕೊನೆಗೆ ಹಳ್ಳದಾಚೆ, ದಿಕ್ಕಿಲ್ಲದವರನ್ನು ಹೂಳುವ ಜಾಲಿಕಂಟಿಯ ನಡುವೆ ಕುಣಿ ತೋಡಿದರು. ಗಂಡನ ಪಕ್ಕದಲ್ಲಿ ಜಾಗ ಕಾದಿರಿಸಿಕೊಂಡಿದ್ದ ಹೆಂಗಸು ಅಲ್ಲಿ ಹೋಗಿ ಕೂತಳು.

ಮಣ್ಣು ಕೊಟ್ಟ ಜಾಗಕ್ಕೆ ಹಾಲುತುಪ್ಪ ಬಿಡುವ ದಿನ ವ್ಯಾಪಾರಿಯ ಫೋನು ಬಂತು. "ಒಂದು ಕುಣಿಯಿಂದ ಏನೂ ಆಗುವುದಿಲ್ಲವಂತೆ. ಅಷ್ಟಕ್ಕೆಲ್ಲ ಕೇಳಬೇಕಾಗಿಯೇ ಇರಲಿಲ್ಲವಂತೆ" ಎಂದ.

ರೈತ ಬನ್ನಿ ಮರದ ಹತ್ತಿರ ಹೋದ. ಅಪ್ಪನ ಪಕ್ಕದಲ್ಲಿ ತಾಯಿ ಕೂತು ಕೂತು ನುಣ್ಣಗಾದ ನೆಲವಿತ್ತು. ಅಲ್ಲೇ ಕುಸಿದು ಕೂರಲು ಹೋದವನು, ಮಣ್ಣು ಕದಲೀತೆಂದು ಅಂಜಿ, ನಿಂತುಕೊಂಡೇ ಅತ್ತ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನನ್ನು ತಡೆದವರೇ ಯಾರೂ ಇಲ್ಲವಲ್ಲ. ಸುಮ್ಮಸುಮ್ಮನೆ ಹೆದರಿದ. ನಾನಾಗಿದ್ದರೆ ಹೆದರುತ್ತಿರಲಿಲ್ಲ" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ಸೋಮವಾರ ನಿನಗೆ ಜ್ವರ ಬಂದರೆ, ಗಂಜಿ ಕುಡಿಯಲು ಯಾರನ್ನು ಕೇಳುತ್ತೀಯಪ್ಪಾ?"